ನಾನೂರು ಮೆಸೇಜು, ಅವ್ವನ ಒಂದು ಫೋನು

ಬಾಗಲಕೋಟೆ ನವನಗರದಿಂದ ಮಾತಾಡಾಕತ್ತೀನಿ. ಇವತ್ತಿನ ವಿಷಯ: ಮಾಹಿತಿ ಮಿತಿಮೀರಿ ಬಂದಾಗ ನಮ್ಮ ತಲಿ ಏನ್ ಮಾಡತೈತಿ?

2019ರ ಆಗಸ್ಟ್ ನೆನಪೈತೇನು? ನವಿಲುತೀರ್ಥದಿಂದ ನೀರು ಬಿಟ್ಟಾಗ ಮಲಪ್ರಭಾ ಉಕ್ಕಿ, ಬಾದಾಮಿ ತಾಲೂಕಿನ ಪಟ್ಟದಕಲ್ಲಿನ ಗುಡಿಗಳಿಗೂ ನೀರು ಬಂದಿತ್ತು. ಅದೇ ಹೊಳಿ ಮುಂದ ಹುನಗುಂದ ಕಡೆ ಹರಿದು ಕೂಡಲಸಂಗಮದಾಗ ಕೃಷ್ಣಾ ಸೇರತೈತಿ. ಆ ದಂಡಿ ಮ್ಯಾಲಿನ ಹಳ್ಳಿಯಾಗ ನಮ್ಮ ಮಾಮಾನ ಮನಿ.

ಆ ದಿನ ನನ್ನ ಫೋನಿಗೆ ನಾನೂರಕ್ಕೂ ಹೆಚ್ಚು ಮೆಸೇಜು. ಡ್ಯಾಮ್ ಒಡೆದೈತಿ ಅಂತ ಒಬ್ಬರು, ಏನೂ ಆಗಿಲ್ಲ ಅಂತ ಇನ್ನೊಬ್ಬರು, ನಡುವೆ ಯಾವುದೋ ಊರಿನ ಹಳೇ ವಿಡಿಯೊ. ಎಲ್ಲಾ ಓದಿದೆ. ಆದ್ರ ಮಾಮಾ ಕಳಿಸಿದ್ದ 'ಮನಿಯೊಳಗ ನೀರು ಬಂತು, ಗಾಡಿ ಕಳಸು' ಅನ್ನೋದು ಅವುಗಳ ಕೆಳಗ ಎರಡು ತಾಸು ಹಂಗ ಬಿದ್ದಿತ್ತು. ಅವ್ವ ಒಂದೂ ಮೆಸೇಜ್ ಓದಲಿಲ್ಲ. ಮಾಮಾನ ಬಾಜೂ ಮನಿಯವರಿಗೆ ಫೋನ್ ಹಚ್ಚಿದಳು. ಎರಡು ನಿಮಿಷದಾಗ ವಿಷಯ ಗೊತ್ತಾತು, ಗಾಡಿ ಹೋತು. ಎಲ್ಲರೂ ಪಾರಾದ್ರು. ಆ ಎರಡು ತಾಸು ಮಾತ್ರ ನನ್ನ ಲೆಕ್ಕಕ್ಕ ಉಳಿದಾವ.

1956ರಲ್ಲಿ ಜಾರ್ಜ್ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞ ಒಂದು ಪ್ರಬಂಧ ಬರೆದರು. ನಾವು ಒಮ್ಮೆಗೆ ನೆನಪಿನಲ್ಲಿ ಹಿಡಿಯೋದು ಸುಮಾರು ಏಳು ಸಂಗತಿ ಅಂದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕರ ಹತ್ತಿರ ಇಳಿಸಿದರು. ಫೋನಿನ ಮೆಮೊರಿ ಎಷ್ಟೇ ಜಿಬಿ ಆಗಲಿ, ನಮ್ಮದು ಅಷ್ಟೇ.

ಹಂಗಾದ್ರ ಬದುಕು ನಡೆಯೋದು ಹೆಂಗ? ಗಂಟು ಕಟ್ಟಿ. ಇಳಕಲ್ಲಿನ ನಮ್ಮ ದೊಡ್ಡವ್ವ ಮಗ್ಗದ ಮುಂದ ಕುಂತರ ನನಗ ಕಾಣೋದು ಬರೀ ಎಳಿ, ಸಾವಿರಾರು ಎಳಿ. ಆಕಿಗೆ 'ತೋಪ ತೆನಿ ಸೆರಗು' ಅನ್ನೋದು ಒಂದೇ ಸಂಗತಿ. ಕೆಂಪು ಪಟ್ಟಿ ಎಲ್ಲಿ, ಬಿಳಿ ಎಲ್ಲಿ, ಯಾವುದರ ಮುಂದ ಯಾವುದು, ಎಲ್ಲಾ ಆ ಒಂದು ಹೆಸರಿನೊಳಗ ಕಟ್ಟಿಟ್ಟಾಳ. ವರ್ಷಗಟ್ಟಲೆ ಕೈ ಆಡಿಸಿದ ಮ್ಯಾಲೆ ಬಂದ ಗಂಟು ಅದು. ರೀಲ್ಸ್ ನೋಡಿ ಬರೋದಲ್ಲ.

ಎರಡನೇ ಉಪಾಯ, ನೆನಪನ್ನ ಹೊರಗ ಇಡೋದು. 2011ರಲ್ಲಿ ಬೆಟ್ಸಿ ಸ್ಪ್ಯಾರೊ ಮತ್ತು ಸಂಗಡಿಗರ ಪ್ರಯೋಗ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಕಂಪ್ಯೂಟರ್‌ನಲ್ಲಿ ಉಳಿಯುತ್ತೆ ಅಂತ ನಂಬಿದವರು ಮಾಹಿತಿಯನ್ನ ಕಡಿಮೆ ನೆನಪಿಟ್ಟರು. ಅದು ಯಾವ ಫೋಲ್ಡರ್‌ನಲ್ಲಿದೆ ಅನ್ನೋದನ್ನ ಅದಕ್ಕಿಂತ ಚೆನ್ನಾಗಿ ನೆನಪಿಟ್ಟರು. ಅವ್ವನೂ ಮಾಡಿದ್ದು ಇದನ್ನ. ಸುದ್ದಿ ಆಕಿಗೆ ಗೊತ್ತಿರಲಿಲ್ಲ. ಯಾರ ಹತ್ತಿರ ಐತಿ ಅಂತ ಗೊತ್ತಿತ್ತು.

ನಾನು ಬಿ.ಕಾಂ. ಓದಿದಾಂವ. ಆಡಿಟರ್ ಎಲ್ಲಾ ವೋಚರ್ ನೋಡೋದಿಲ್ಲ, ಆರಿಸಿ ನೋಡ್ತಾನ ಅಂತ ಪರೀಕ್ಷಾದಾಗ ಬರೆದು ಮಾರ್ಕ್ಸೂ ತಗೊಂಡಿದ್ದೆ. ಫೋನ್ ಕೈಯಾಗ ಬಂದಾಗ ಅದು ನೆನಪಾಗಲಿಲ್ಲ, ಏನ್ ಮಾಡೋದ್ರಿ!

ಈಗ ಗ್ರೂಪ್‌ಗಳೆಲ್ಲ ಮ್ಯೂಟ್. ಮಾಮಾನ ಚಾಟ್ ಮ್ಯಾಲೆ ಪಿನ್ ಮಾಡೀನಿ, ಅದಕ್ಕೊಂದು ಬ್ಯಾರೆ ರಿಂಗ್‌ಟೋನ್. ಮೊನ್ನೆ ನಸುಕಿನಾಗ ಅದು ಬಾರಿಸ್ತು. ಗಾಬರಿಯಾಗಿ ಎದ್ದು ನೋಡಿದ್ರ, ಗುಲಾಬಿ ಹೂವಿನ ಫೋಟೊ, ಗುಡ್ ಮಾರ್ನಿಂಗ್.