ಕೂಡಿ ಕುಳಿತವರು ಕೂಡಿ ಕಲಿತರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಊರೂರುಗಳಲ್ಲಿ ಸ್ತ್ರೀಯರು ವಾರಕ್ಕೊಮ್ಮೆ ಒಂದೆಡೆ ಸೇರುವುದುಂಟು. ಗುಡಿಯ ಕಟ್ಟೆಯ ಮೇಲೋ, ಅಂಗನವಾಡಿಯ ಪಡಸಾಲೆಯಲ್ಲೋ, ಧರ್ಮಕೇಂದ್ರದ ಸಭಾಂಗಣದಲ್ಲೋ ಚಾಪೆ ಹಾಸಲಾಗುತ್ತದೆ. ಕಬ್ಬಿನ ಗದ್ದೆಯಿಂದ ಬಂದವರು, ಬೀಡಿಯ ಮೊರವನ್ನು ಬದಿಗಿಟ್ಟು ಬಂದವರು, ಹಾಲು ಹಾಕಿ ಬಂದವರು ಅಲ್ಲಿ ಸಾಲಾಗಿ ಕುಳಿತುಕೊಳ್ಳುತ್ತಾರೆ. ಇಂತಹ ಸಂಘಗಳು ಉಳಿತಾಯಕ್ಕಾಗಿ ಮಾತ್ರವಲ್ಲ, ಅಕ್ಷರಕ್ಕಾಗಿ ಮತ್ತು ಪರಸ್ಪರ ಧೈರ್ಯಕ್ಕಾಗಿಯೂ ಹುಟ್ಟಿದವು. ಆದರೆ ಇಂದು ಅನೇಕ ಕಡೆ ಉಳಿದಿರುವುದು ಕಂತಿನ ಲೆಕ್ಕವೊಂದೇ. ಹಣ ಎಣಿಸಿದರು, ಸಹಿ ಮಾಡಿದರು, ಎದ್ದು ಹೋದರು. ಕಂತು ತಪ್ಪಿದವಳ ಪಾಡನ್ನಂತೂ ಹೇಳುವಂತಿಲ್ಲ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಕೂಟವೊಂದು ಕಲಿಕೆಯನ್ನು ಕೈಬಿಟ್ಟಾಗ ಅದು ಕಳೆದುಕೊಳ್ಳುವುದು ಏನನ್ನು? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ನೆರೆಯಲ್ಲಿಯೇ ಬಾಳಿದ ಒಂದು ಪುಟ್ಟ ಸಮುದಾಯದ ಸ್ತ್ರೀಯರಿಂದ ಪಡೆಯಬಹುದು. ಅವರೇ ಕೊಂಕಣ ತೀರದ ಯೆಹೂದ್ಯರಾದ ಬೆನೆ ಇಸ್ರಾಯೇಲರು.

ಇವರ ಮಾತೃಭಾಷೆ ನಮ್ಮ ನಿಪ್ಪಾಣಿಯ ಅನೇಕ ಮನೆಗಳಲ್ಲಿ ಕೇಳಿಬರುವ ಮರಾಠಿಯೇ. ಹಡಗು ಒಡೆದು, ಏಳು ಮಂದಿ ಪುರುಷರೂ ಏಳು ಮಂದಿ ಸ್ತ್ರೀಯರೂ ಅಲಿಬಾಗಿನ ಸಮೀಪದ ನವಗಾಂವದ ದಡ ಸೇರಿದರೆಂದು ಇವರ ಪರಂಪರೆ ಹೇಳುತ್ತದೆ. ಎಣ್ಣೆಯ ಗಾಣ ನಡೆಸುತ್ತಿದ್ದ ಇವರು ಶನಿವಾರ ದುಡಿಯುತ್ತಿರಲಿಲ್ಲವಾದ್ದರಿಂದ ಜನ ಇವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಹೀಬ್ರೂ ಭಾಷೆ ಮರೆತುಹೋಗಿತ್ತು, ಗ್ರಂಥಗಳು ಕೈಯಲ್ಲಿರಲಿಲ್ಲ. ಆದರೂ ಸಬ್ಬತ್ತಿನ ವಿಶ್ರಾಂತಿ, ಸುನ್ನತಿ, ಆಹಾರದ ಕಟ್ಟಳೆಗಳು ಉಳಿದುಬಂದವು. ಸಬ್ಬತ್ತಿನಂದು ಒಲೆ ಹೊತ್ತಿಸದಿರುವುದೂ, ಯಾವ ಮೀನು ಸಲ್ಲುತ್ತದೆ, ಯಾವುದು ಸಲ್ಲದೆಂದು ವಿಂಗಡಿಸುವುದೂ ಅಡುಗೆಮನೆಯ ವಿವೇಕವಲ್ಲವೇ? ಪುಸ್ತಕವಿಲ್ಲದ ಕಾಲದಲ್ಲಿ ಧರ್ಮದ ಪುಸ್ತಕವಾದವಳು ಗೃಹಿಣಿಯೇ. ಪ್ರವಾದಿ ಎಲೀಯನ ಹೆಸರಿನಲ್ಲಿ ಹರಕೆ ತೀರಿಸುವಾಗ ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ ಬೆರೆಸಿ ಹಣ್ಣುಗಳೊಡನೆ ಅರ್ಪಿಸುವ ‘ಮಲಿದಾ’ ಇಂದಿಗೂ ಅವರ ಮನೆಗಳಲ್ಲಿ ನಡೆಯುತ್ತದೆ.

ಆದರೆ ಕಾಪಾಡಿದವಳಿಗೆ ಓದುವ ಅವಕಾಶ ಬಹುಕಾಲ ದೊರೆಯಲಿಲ್ಲ. ಸಾಂಪ್ರದಾಯಿಕ ಪ್ರಾರ್ಥನಾಮಂದಿರದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಜನರ ಎಣಿಕೆಯಲ್ಲಿ ಸ್ತ್ರೀಯು ಸೇರುತ್ತಿರಲಿಲ್ಲ. ಅವಳ ಆಸನವೂ ಪ್ರತ್ಯೇಕವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಸ್ಕಾಟ್ಲೆಂಡಿನ ಮಿಷನರಿ ಜಾನ್ ವಿಲ್ಸನ್ ಅವರು 1832ರಲ್ಲಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣವೊಂದನ್ನು ಪ್ರಕಟಿಸಿದರು. 1875ರಲ್ಲಿ ಸಮುದಾಯದವರೇ ಆದ ಹಾಯೀಮ್ ಸಾಮ್ಯುಯೆಲ್ ಕೇಹಿಮ್ಕರ್ ಅವರ ಮುಂದಾಳತ್ವದಲ್ಲಿ ಮುಂಬಯಿಯಲ್ಲಿ ಇಸ್ರಾಯೇಲ ಶಾಲೆ ಹುಟ್ಟಿತು. ಮುಂದೆ ಅದೇ ಸರ್ ಎಲ್ಲಿ ಕದೂರಿ ಶಾಲೆಯೆಂದು ಹೆಸರಾಯಿತು.

ಈ ಕಥೆಯಲ್ಲಿ ಬೆಳಗಾವಿ ಜಿಲ್ಲೆಯವರಾದ ನಮಗೆ ಹೆಮ್ಮೆಯ ಪಾಲೊಂದಿದೆ. 1889ರಲ್ಲಿ ಬೆಳಗಾವಿಯಲ್ಲಿ ಬೆನೆ ಇಸ್ರಾಯೇಲ ಮನೆತನದ ಹೆಣ್ಣುಮಗುವೊಂದು ಜನಿಸಿತು. ಆಕೆಯೇ ರೆಬೆಕಾ ರೂಬೆನ್. 1905ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಆಕೆ ಪ್ರಥಮ ಸ್ಥಾನ ಗಳಿಸಿದರು. ಇಂಗ್ಲೆಂಡಿನಲ್ಲಿ ಶಿಕ್ಷಕಿಯ ತರಬೇತಿ ಪಡೆದು ಬಂದು, 1922ರಿಂದ 1950ರವರೆಗೆ ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ದುಡಿದರು. ತಮ್ಮ ಸಮುದಾಯದ ವಾರ್ಷಿಕ ಗ್ರಂಥವನ್ನು ಸಂಪಾದಿಸಿದ ಕೀರ್ತಿಯೂ ಅವರದೇ.

ಅದೇ ಕಾಲದಲ್ಲಿ ನಮ್ಮ ನಾಡಿನ ಶಿವಮೊಗ್ಗದಲ್ಲಿ ಜನಿಸಿದ ಜೆರೂಷಾ ಝಿರಾದ್ ಅವರು ವೈದ್ಯೆಯಾದರು. 1919ರಲ್ಲಿ ಲಂಡನ್ನಿನ ಎಂ.ಡಿ. ಪದವಿ ಪಡೆದು ಹಿಂದಿರುಗಿ, 1928ರಿಂದ 1947ರವರೆಗೆ ಮುಂಬಯಿಯ ಕಾಮಾ ಆಸ್ಪತ್ರೆಯ ಹೊಣೆ ಹೊತ್ತರು. 1966ರಲ್ಲಿ ಪದ್ಮಶ್ರೀ ಅವರಿಗೆ ಸಂದಿತು. ಲಂಡನ್ನಿನಲ್ಲಿ ಲಿಲಿ ಮಾಂಟೆಗು ಎಂಬ ಯೆಹೂದ್ಯ ಮಹಿಳೆಯ ಉದಾರ ಧಾರ್ಮಿಕ ಚಿಂತನೆಯಿಂದ ಪ್ರಭಾವಿತರಾದ ಅವರು, 1925ರಲ್ಲಿ ಮುಂಬಯಿಯಲ್ಲಿ ಯೆಹೂದ್ಯ ಧಾರ್ಮಿಕ ಒಕ್ಕೂಟವನ್ನು ಸ್ಥಾಪಿಸಲು ಕಾರಣರಾದರು. ಅದರ ಪ್ರಾರ್ಥನೆಯಲ್ಲಿ ಸ್ತ್ರೀಯರು ಇನ್ನು ಹಿಂದಿನ ಸಾಲಿನವರಾಗಿರಲಿಲ್ಲ.

ಈ ಇಬ್ಬರೂ ಅಸಾಮಾನ್ಯರು. ಆದರೆ ಸಾಮಾನ್ಯ ಗೃಹಿಣಿಯ ಗತಿಯೇನು? ಆಕೆಗಾಗಿ 1913ರಲ್ಲಿಯೇ ಮುಂಬಯಿಯಲ್ಲಿ ಬೆನೆ ಇಸ್ರಾಯೇಲ ‘ಸ್ತ್ರೀ ಮಂಡಳ’ ಸ್ಥಾಪನೆಯಾಗಿತ್ತು. ಹೆಸರಿನಲ್ಲಿಯೇ ಅದರ ಸ್ವರೂಪ ಅಡಗಿದೆ. ಅದು ವಿಶ್ವವಿದ್ಯಾಲಯವಲ್ಲ, ಆಸ್ಪತ್ರೆಯಲ್ಲ, ಮಂಡಳ. ಎಂದರೆ ವರ್ತುಲ. ವರ್ತುಲದಲ್ಲಿ ಕುಳಿತವರಿಗೆ ಮುಂದಿನ ಸಾಲೂ ಇಲ್ಲ, ಹಿಂದಿನ ಸಾಲೂ ಇಲ್ಲ. ಎಲ್ಲರೂ ಎಲ್ಲರ ಮುಖವನ್ನು ಕಾಣುತ್ತಾರೆ.

ಸ್ತ್ರೀಯರು ಹೀಗೆ ಸೇರುವುದಕ್ಕೆ ಯೆಹೂದ್ಯ ಪರಂಪರೆಯಲ್ಲಿ ಪುರಾತನ ಆಧಾರವೊಂದುಂಟು. ಅವರ ತಿಂಗಳು ಅಮಾವಾಸ್ಯೆ ಕಳೆದು ಎಳೆಯ ಚಂದ್ರ ಕಾಣುವಾಗ ಆರಂಭವಾಗುತ್ತದೆ. ಆ ದಿನಕ್ಕೆ ‘ರೋಷ್ ಹೋದೆಷ್’ ಎಂದು ಹೆಸರು. ಮೋಶೆ ಬೆಟ್ಟದಿಂದಿಳಿಯಲು ತಡಮಾಡಿದಾಗ ಜನರು ಚಿನ್ನದ ಕರುವನ್ನು ಎರಕಹೊಯ್ದ ವೃತ್ತಾಂತ ವಿಮೋಚನಾಕಾಂಡದಲ್ಲಿದೆ. ಸ್ತ್ರೀಯರು ಆ ವಿಗ್ರಹಕ್ಕಾಗಿ ತಮ್ಮ ಒಡವೆಗಳನ್ನು ಕೊಡಲು ಒಪ್ಪಲಿಲ್ಲವೆಂದೂ, ಅದರ ಫಲವಾಗಿ ಮಾಸಾರಂಭದ ದಿನ ಅವರ ವಿಶೇಷ ಹಬ್ಬವಾಯಿತೆಂದೂ ಯೆಹೂದ್ಯ ಗುರುಗಳ ವ್ಯಾಖ್ಯಾನ. 1970ರ ದಶಕದಿಂದೀಚೆಗೆ ಅಮೆರಿಕ ಮೊದಲಾದ ದೇಶಗಳಲ್ಲಿ ಯೆಹೂದ್ಯ ಸ್ತ್ರೀಯರು ಈ ದಿನವನ್ನು ತಮ್ಮ ಅಧ್ಯಯನಕೂಟದ ದಿನವಾಗಿಸಿಕೊಂಡಿದ್ದಾರೆ. ಗ್ರಂಥದ ಒಂದು ಭಾಗವನ್ನು ಓದಿ, ಚರ್ಚಿಸಿ, ಹಾಡಿ, ಬಳಿಕ ಒಟ್ಟಿಗೆ ಉಣ್ಣುತ್ತಾರೆ. ಗಮನಿಸಿರಿ: ಈ ಹಬ್ಬದ ಮೂಲದಲ್ಲಿರುವುದು ಸ್ತ್ರೀಯರು ಹೇಳಿದ ಒಂದು ‘ಒಲ್ಲೆ’. ಎಲ್ಲರೂ ಕೊಡುವಾಗ ‘ನಾನು ಕೊಡೆನು’ ಎನ್ನುವ ಧೈರ್ಯ ಒಬ್ಬಳಿಗೆ ಬರುವುದು ಕಷ್ಟ, ಕೂಡಿದ ಹತ್ತು ಜನರಿಗೆ ಅದು ಸುಲಭ.

ಮನುಷ್ಯರು ಕೂಡಿ ಬಾಳುವುದೆಂದರೆ ದನಗಳಂತೆ ಒಂದೇ ಹುಲ್ಲುಗಾವಲಿನಲ್ಲಿ ಮೇಯುವುದಲ್ಲ, ಮಾತನ್ನೂ ವಿಚಾರವನ್ನೂ ಹಂಚಿಕೊಳ್ಳುವುದು ಎಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಸ್ನೇಹವನ್ನು ಕುರಿತು ಬರೆಯುತ್ತಾ ವಿವರಿಸಿದ್ದಾನೆ. ಆದುದರಿಂದ ಕಲಿಕೆ ಮತ್ತು ಒಡನಾಟ ಎರಡು ಬೇರೆ ಕಾರ್ಯಕ್ರಮಗಳಲ್ಲ. ಒಡನಾಟವಿಲ್ಲದ ಕಲಿಕೆ ಒಣಗುತ್ತದೆ, ಕಲಿಕೆಯಿಲ್ಲದ ಒಡನಾಟ ಹರಟೆಯಾಗುತ್ತದೆ ಇಲ್ಲವೇ ಬರಿಯ ಲೆಕ್ಕವಾಗುತ್ತದೆ.

ಬೆನೆ ಇಸ್ರಾಯೇಲರ ಸಂಖ್ಯೆ ಇಂದು ಕುಗ್ಗಿದೆ. 1951ರ ಜನಗಣತಿಯಲ್ಲಿ ಭಾರತದ ಯೆಹೂದ್ಯರೆಲ್ಲರೂ ಸೇರಿ ಸುಮಾರು 26 ಸಾವಿರವಿದ್ದರು. ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋಗಿ, ಈಗ ಇಲ್ಲಿ ಕೆಲವೇ ಸಾವಿರ ಮಂದಿ ಉಳಿದಿದ್ದಾರೆ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತರ ಮಾನ್ಯತೆ ನೀಡಿತು. ಆದರೂ ಕಡಲಾಚೆಯ ಆ ದೇಶದಲ್ಲಿ ಬೆನೆ ಇಸ್ರಾಯೇಲ ಸ್ತ್ರೀಯರು ಇಂದಿಗೂ ಸೇರಿ, ತಮ್ಮ ಪೂರ್ವಿಕರ ಕಥೆಗಳನ್ನು ಮರಾಠಿಯಲ್ಲಿ ಹಾಡುತ್ತಾರೆ. ಊರು ಬಿಟ್ಟರೂ ಕೂಟ ಬಿಡಲಿಲ್ಲ. ಯೆಹೂದ್ಯ ಜನರೊಡನೆ ಧರ್ಮಸಭೆಗಿರುವ ಆಧ್ಯಾತ್ಮಿಕ ಬಾಂಧವ್ಯವನ್ನು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಮರಿಸಿತು. ಬಾಂಧವರಿಂದ ಕಲಿಯಲು ಸಂಕೋಚವೇಕೆ?

ಆದುದರಿಂದ ನಮ್ಮ ಐದೂ ತಾಲ್ಲೂಕುಗಳ ಮಹಿಳಾ ಸಂಘಗಳಿಗೆ ಒಂದು ವಿನಂತಿ. ಯಾವ ಮತದವರಾದರೂ ಸರಿ, ಕಂತನ್ನು ಎಣಿಸುವ ಮೊದಲು ಅರ್ಧ ಗಂಟೆಯನ್ನು ಓದಿಗಾಗಿ ಮೀಸಲಿಡಿರಿ. ಶಾಲೆಗೆ ಹೋಗುವ ಮಗಳು ಪತ್ರಿಕೆಯನ್ನು ಗಟ್ಟಿಯಾಗಿ ಓದಲಿ. ಸಾಲಪತ್ರದ ಷರತ್ತುಗಳನ್ನು ಸಹಿಗೆ ಮುನ್ನ ಒಬ್ಬಳು ಎಲ್ಲರಿಗೂ ಓದಿ ಹೇಳಲಿ. ಹಾಡು ಬಲ್ಲ ಅಜ್ಜಿ ಹಾಡಲಿ, ಮತ್ತೊಬ್ಬಳು ಅದನ್ನು ಬರೆದುಕೊಳ್ಳಲಿ. ಮನೆಯ ಗಂಡಸರು ಆ ಅರ್ಧ ಗಂಟೆ ಒಲೆಯನ್ನು ನೋಡಿಕೊಳ್ಳಲಿ. ಬೆಳಗಾವಿಯಲ್ಲಿ ಹುಟ್ಟಿದ ಹುಡುಗಿಯೊಬ್ಬಳು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಎಲ್ಲರಿಗಿಂತ ಮುಂದೆ ನಿಂತಳು. ಅವಳಂಥವಳು ಈ ವಾರ ನಿಮ್ಮ ಚಾಪೆಯ ಅಂಚಿನಲ್ಲಿಯೇ ತಾಯಿಯ ಪಕ್ಕ ಕುಳಿತಿರಬಹುದು. ಅವಳ ಕಿವಿಗೆ ಕಂತಿನ ಲೆಕ್ಕವೊಂದೇ ಬೀಳದಿರಲಿ.