ಎರಡನೆಯ ಕಣ್ಣಿನ ಪೊರೆ ತೆಗೆಸಿದ ಮೇಲೆ

ಕಣ್ಣು ಎರಡಾದರೂ ನೋಟವು ಒಂದೇ ಎಂಬುದನ್ನು ನಾವು ಅರುವತ್ತನೆಯ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಯಿತು. ಮೊದಲನೆಯ ಕಣ್ಣಿನ ಪೊರೆ ತೆಗೆಸುವವರಿಗೆ ಬುದ್ಧಿ ಹೇಳುವವರು ಬಹು ಮಂದಿ ಉಂಟು. ಎರಡನೆಯದನ್ನು ತೆಗೆಸುವವರಿಗೆ ಮಾತ್ರ “ನಿಮಗೆ ಎಲ್ಲವೂ ಗೊತ್ತೇ ಇದೆಯಲ್ಲ” ಎಂದು ಹೇಳಿ ಸುಮ್ಮನಾಗುವರು. ಗೊತ್ತಿದೆಯೆಂಬ ಈ ಭ್ರಾಂತಿಯಿಂದಲೇ ನಾವು ಕೆಲವು ದಿನ ವೃಥಾ ಕಳವಳಪಟ್ಟೆವು. ಅದು ಮತ್ತೊಬ್ಬರಿಗೆ ಬಾರದಿರಲೆಂದು ಈ ನಾಲ್ಕು ಮಾತುಗಳು.

ಪೊರೆಯೆಂಬುದು ಕಣ್ಣಿನ ಮೇಲೆ ಬೆಳೆಯುವ ಹೊದಿಕೆಯಲ್ಲ. ಪಾಪೆಯ ಹಿಂದಿರುವ ಸಹಜವಾದ ಮಸೂರವೇ ಕಾಲಕ್ರಮದಲ್ಲಿ ಮಬ್ಬಾಗುವುದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ವ್ಯಾಧಿಯೂ ಅದಕ್ಕೆ ಶಲಾಕೆಯಿಂದ ಮಾಡುವ ಚಿಕಿತ್ಸೆಯೂ ವರ್ಣಿತವಾಗಿವೆ. ನಾವು ಬಾಲಕರಾಗಿದ್ದಾಗ ನಮ್ಮ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರು ಶಿಬಿರಗಳನ್ನು ನಡೆಸಿ ಅಸಂಖ್ಯಾತ ಬಡವರಿಗೆ ದೃಷ್ಟಿದಾನ ಮಾಡುತ್ತಿದ್ದರು. ಆದರೆ ತೆಗೆದ ಮಸೂರದ ಸ್ಥಾನದಲ್ಲಿ ಮತ್ತೊಂದನ್ನಿಡುವ ಪದ್ಧತಿ ಆಗ ಇಲ್ಲಿ ಬಳಕೆಗೆ ಬಂದಿರಲಿಲ್ಲ. ಚಿಕಿತ್ಸೆಯಾದ ವೃದ್ಧರು ಸೀಸೆಯ ತಳದಂತಹ ದಪ್ಪ ಕನ್ನಡಕವನ್ನು ಧರಿಸಬೇಕಾಗಿತ್ತು. ಕೃತಕ ಮಸೂರವನ್ನು ಕಣ್ಣಿನೊಳಗೇ ಇಡುವ ಉಪಾಯವನ್ನು 1949ರಲ್ಲಿ ಲಂಡನ್ನಿನ ವೈದ್ಯರಾದ ಹೆರಾಲ್ಡ್ ರಿಡ್ಲಿಯವರು ಆರಂಭಿಸಿದರು. ಅದರ ಫಲವನ್ನು ಇಂದು ನಾವೆಲ್ಲರೂ ಅನುಭವಿಸುತ್ತಿದ್ದೇವೆ.

ಒಂದು ಕಣ್ಣಿಗೆ ಚಿಕಿತ್ಸೆಯಾಗಿ ಮತ್ತೊಂದು ಉಳಿದಿರುವ ಅವಧಿಯು ವಿಚಿತ್ರವಾದದ್ದು. ಬಲಗಣ್ಣಿಗೆ ಬೆಳ್ಳಗೆ ಕಾಣುವ ಪಂಚೆಯು ಎಡಗಣ್ಣಿಗೆ ಕಾಫಿಯ ನೀರಿನಲ್ಲಿ ಅದ್ದಿದಂತೆ ಕಾಣುತ್ತಿತ್ತು. ಪಂಚೆ ಸರಿಯಾಗಿ ಒಗೆದಿಲ್ಲವೆಂದು ನಾವು ಎರಡು ವರ್ಷದಿಂದ ಮನೆಯಾಕೆಯನ್ನು ಆಕ್ಷೇಪಿಸುತ್ತಿದ್ದೆವು. ದೋಷವು ಪಂಚೆಯದಲ್ಲವೆಂಬುದು ಆಗ ತಿಳಿಯಿತು. ಅಲ್ಲದೆ ದೂರ ಸಮೀಪಗಳ ಅಂದಾಜು ತಪ್ಪಿ, ಲೋಟಕ್ಕೆ ಬಗ್ಗಿಸಿದ ಹಾಲು ಪಕ್ಕಕ್ಕೆ ಚೆಲ್ಲುವುದು, ಕೊನೆಯ ಮೆಟ್ಟಿಲಿನಲ್ಲಿ ಎಡವುವುದು ನಿತ್ಯದ ಮಾತಾಯಿತು. ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರನಾದ ಕ್ಲೋದ್ ಮೋನೆಯು 1923ರಲ್ಲಿ ಬಲಗಣ್ಣಿಗೆ ಮಾತ್ರ ಚಿಕಿತ್ಸೆ ಮಾಡಿಸಿಕೊಂಡನು. ಎರಡು ಕಣ್ಣುಗಳಿಗೆ ಬಣ್ಣಗಳು ಬೇರೆಬೇರೆಯಾಗಿ ಕಂಡು ಬಹಳ ತೊಳಲಿದನು. ಆದರೂ ಎಡಗಣ್ಣಿನ ಚಿಕಿತ್ಸೆಗೆ ಕೊನೆಯವರೆಗೂ ಒಪ್ಪಲಿಲ್ಲ. ಅವನ ಸಂಕಟವು ಎಂತಹದೆಂದು ನಮಗೆ ಮನವರಿಕೆಯಾಯಿತು.

ನಾವು ಒಪ್ಪಿದೆವು. ಮೊದಲನೆಯ ಬಾರಿ ಪಟ್ಟಿ ಬಿಚ್ಚಿದೊಡನೆ ಗೋಡೆಯ ಪಂಚಾಂಗದ ತಿಥಿಯನ್ನು ಓದಿದ್ದೆವು. ಎರಡನೆಯ ಬಾರಿ ಕಂಡದ್ದು ಮಾಘಮಾಸದ ಮಂಜು. ಕಣ್ಣಿನಲ್ಲಿ ಮರಳು ಬಿದ್ದಂತೆ ಕರಕರಿ. ಹೊರಗಡೆಯ ಅಂಚಿನಲ್ಲಿ ಬಾಗಿದ ನೆರಳು. ಇಪ್ಪತ್ತು ಸಾರಿ ಒಂದು ಕಣ್ಣನ್ನು ಮುಚ್ಚಿ ಮತ್ತೊಂದರಿಂದ ನೋಡಿದೆವು. ಇನ್ನು ಪುಸ್ತಕವೇ ಇಲ್ಲವೇನೋ ಎಂಬ ಭಯದಿಂದ ಎರಡು ರಾತ್ರಿ ನಿದ್ರೆಯಿಲ್ಲ. ಮನೆಯವರಿಗೆ ಹೇಳಲಿಲ್ಲ. ಮೂರನೆಯ ದಿನ ವೈದ್ಯರು ಪರೀಕ್ಷಿಸಿ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಸ್ವಲ್ಪ ಊದಿದೆ, ತಾನಾಗಿ ಇಳಿಯುವುದು ಎಂದರು. ಆಮೇಲೆ ನಗುತ್ತಾ, ಮೊದಲನೆಯ ಕಣ್ಣನ್ನು ಕತ್ತಲೆಯೊಡನೆ ಹೋಲಿಸಿದಿರಿ, ಎರಡನೆಯದನ್ನು ಬೆಳಕಿನೊಡನೆ ಹೋಲಿಸುತ್ತಿದ್ದೀರಿ ಎಂದರು. ಇದೇ ಈ ವಿಷಯದ ಸಾರ.

ಆದುದರಿಂದ ವಾಚಕರು ತಿಳಿದಿರತಕ್ಕದ್ದಿಷ್ಟು. ಎರಡು ಕಣ್ಣುಗಳು ಒಂದೇ ವೇಗದಲ್ಲಿ ಗುಣ ಹೊಂದಬೇಕೆಂಬ ನಿಯಮವಿಲ್ಲ. ಮಬ್ಬು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಿಳಿಯಾಗುವುದು. ದೀಪದ ಸುತ್ತಲಿನ ಪ್ರಭೆಯೂ ಅಂಚಿನ ನೆರಳೂ ಬಹಳ ಮಂದಿಗೆ ವಾರಗಳಲ್ಲಿ ಕುಂದುವುವು. ದೂರದ ನೋಟಕ್ಕೆ ಹೊಂದಿಸಿದ ಸಾಧಾರಣ ಮಸೂರವನ್ನು ಇಡಿಸಿಕೊಂಡವರಿಗೆ ಓದುವುದಕ್ಕೂ ಸೂಜಿಗೆ ದಾರ ಪೋಣಿಸುವುದಕ್ಕೂ ಕನ್ನಡಕ ಬೇಕೇ ಬೇಕು. ಅದು ಚಿಕಿತ್ಸೆಯ ದೋಷವಲ್ಲ. ಆ ಕನ್ನಡಕಕ್ಕೆ ಆತುರಪಡಕೂಡದು. ನಾವು ಎಂಟನೆಯ ದಿನವೇ ಅಂಗಡಿಗೆ ಹೋಗಿ ಮಾಡಿಸಿದ್ದು ತಿಂಗಳು ಕಳೆಯುವಷ್ಟರಲ್ಲಿ ನಿರುಪಯುಕ್ತವಾಯಿತು. ನಾಲ್ಕರಿಂದ ಆರು ವಾರಗಳಲ್ಲಿ ನೋಟವು ನೆಲೆಗೊಂಡ ಬಳಿಕ ವೈದ್ಯರ ಅನುಮತಿಯಂತೆ ಮಾಡಿಸುವುದೇ ಲೇಸು. ಅಕ್ಷಿಪಟಲಕ್ಕಾಗಲಿ ನೇತ್ರನಾಡಿಗಾಗಲಿ ಮಧುಮೇಹಾದಿಗಳಿಂದ ಹಾನಿಯಾಗಿದ್ದರೆ, ಆ ನಷ್ಟವನ್ನು ಹೊಸ ಮಸೂರವು ತುಂಬಲಾರದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಬ್ಬಾದರೆ ಪೊರೆಯೇ ಮರಳಿತೆಂದು ಅಂಜಬೇಕಾಗಿಲ್ಲ. ಬಹಳ ಸಲ ಅದು ಮಸೂರದ ಹಿಂದಿನ ತೆಳುಚೀಲ ಮಸಕಾಗುವುದು; ಲೇಸರ್ ಕಿರಣದಿಂದ ಕೆಲವೇ ನಿಮಿಷಗಳಲ್ಲಿ ಪರಿಹಾರವಾಗುವುದು.

ಆದರೆ ತಾಳ್ಮೆಗೂ ಮಿತಿಯುಂಟು. ನೋವೂ ಕೆಂಪೂ ಹೆಚ್ಚುತ್ತ ಹೋದರೆ, ತಿಳಿಯಾಗುತ್ತಿದ್ದ ನೋಟವು ಮರಳಿ ಕುಂದಿದರೆ, ಮಿಂಚು ಹೊಳೆದಂತೆ, ಕಪ್ಪು ಚುಕ್ಕೆಗಳು ಒಮ್ಮೆಗೇ ಸುರಿದಂತೆ, ತೆರೆ ಇಳಿದಂತೆ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ನಮ್ಮಂತೆ ಬಾಯಿ ಮುಚ್ಚಿಕೊಂಡು ಎರಡು ರಾತ್ರಿ ಕಳೆಯಕೂಡದು.

ಹತ್ತನೆಯ ದಿನದ ಸಂಜೆ ಮನೆಯಾಕೆಯು ಹಾಲಿನ ಪಾತ್ರೆಯನ್ನು ನಮ್ಮ ಮುಂದಿಟ್ಟಳು. ಲೋಟಕ್ಕೆ ಬಗ್ಗಿಸಿದೆವು, ಒಂದು ತೊಟ್ಟೂ ಹೊರಗೆ ಬೀಳಲಿಲ್ಲ. ಯಾವ ಕಣ್ಣಿನಿಂದ ನೋಡಿದೆವೆಂಬುದು ಆಗ ನೆನಪಿಗೇ ಬರಲಿಲ್ಲ. ಎರಡನೆಯ ಚಿಕಿತ್ಸೆಯಿಂದ ಬಯಸತಕ್ಕದ್ದು ಈ ಮರೆವನ್ನೇ.