ಕರಿಯ ಎಳೆಗೂ ಕರಗುವ ಅಂಟಿಗೂ ನಂಟು

ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲು ಬೆರೆಸಿ ತುಳಿಯುವುದನ್ನು ನೀವು ನೋಡಿರಬಹುದು. ಬರಿಯ ಮಣ್ಣು ಒಣಗಿದರೆ ಬಿರಿಯುತ್ತದೆ. ಬರಿಯ ಹುಲ್ಲು ಗೋಡೆಯಾಗಿ ನಿಲ್ಲದು. ಎರಡೂ ಕೂಡಿದರೆ ಗಟ್ಟಿ. ಆದರೆ ಮಣ್ಣು ಹುಲ್ಲನ್ನು ಹಿಡಿದುಕೊಳ್ಳಬೇಕು. ಎಳೆದೊಡನೆ ಜಾರಿ ಬರುವ ಹುಲ್ಲಿನಿಂದ ಪ್ರಯೋಜನವೇನು? ಈ ಹಳೆಯ ಪ್ರಶ್ನೆಯೇ ಇಂದು ವಿಮಾನ ಕಟ್ಟುವವರ ಮುಂದೆಯೂ ನಿಂತಿದೆ.

ಅವರ ಹುಲ್ಲು ಇಂಗಾಲದ ಎಳೆ, ಅಂದರೆ ಕಾರ್ಬನ್ ಫೈಬರ್. ಪಾಲಿಆಕ್ರಿಲೋನೈಟ್ರೈಲ್ ಎಂಬ ಕೃತಕ ನೂಲನ್ನು ಮೊದಲು ಗಾಳಿಯಲ್ಲಿ ಹದವಾಗಿ ಕಾಯಿಸಿ, ಬಳಿಕ ಆಮ್ಲಜನಕ ಸೋಕದಂತೆ 1000 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ ಕಾಯಿಸಿದರೆ ಬಹುಮಟ್ಟಿಗೆ ಇಂಗಾಲವೇ ಉಳಿಯುತ್ತದೆ. ಜಪಾನಿನ ಅಕಿಯೊ ಶಿಂಡೊ ಅವರು 1960ರ ಸುಮಾರಿಗೆ ಈ ದಾರಿಯನ್ನು ತೋರಿಸಿದರು. ಎಳೆಯ ದಪ್ಪ ಮಿಲಿಮೀಟರಿನ ಸಾವಿರದಲ್ಲಿ 5ರಿಂದ 7 ಪಾಲು ಮಾತ್ರ. ತೂಕಕ್ಕೆ ತೂಕವಿಟ್ಟು ನೋಡಿದರೆ ಬಲದಲ್ಲಿ ಉಕ್ಕನ್ನು ಹಲವು ಪಟ್ಟು ಮೀರಿಸುತ್ತದೆ.

ಅವರ ಮಣ್ಣಿನಲ್ಲಿ ಎರಡು ಜಾತಿ. ಎಪಾಕ್ಸಿಯಂಥ ರಾಳವು ಸುಟ್ಟ ಮಡಕೆಯಂತೆ. ಒಮ್ಮೆ ಗಟ್ಟಿಯಾದರೆ ಮರಳಿ ಕಲಸಲಾಗದು. ಬೆಂಗಳೂರಿನಲ್ಲಿ ರೂಪುಗೊಂಡು 2001ರಲ್ಲಿ ಮೊದಲು ಹಾರಿದ, ಮುಂದೆ ‘ತೇಜಸ್’ ಎಂದು ಹೆಸರಾದ ವಿಮಾನದ ರೆಕ್ಕೆಯಲ್ಲಿರುವುದು ಈ ಬಗೆಯ ಜೋಡಿಯೇ. ಇನ್ನೊಂದು ಜಾತಿ ಥರ್ಮೋಪ್ಲಾಸ್ಟಿಕ್. ಅದು ಅರಗಿನಂತೆ ಕಾಯಿಸಿದರೆ ಕರಗಿ, ಆರಿದರೆ ಗಟ್ಟಿಯಾಗುತ್ತದೆ. ಪೆಟ್ಟಿಗೆ ಸುಲಭವಾಗಿ ಬಿರಿಯದು. ಎರಡು ತುಂಡುಗಳನ್ನು ಕಾಯಿಸಿ ಬೆಸೆಯಬಹುದು. ಹಳತಾದರೆ ಕರಗಿಸಿ ಇನ್ನೊಂದು ವಸ್ತು ಮಾಡಬಹುದು. ಕಸದ ರಾಶಿ ಬೆಳೆಯುತ್ತಿರುವ ಈ ಕಾಲಕ್ಕೆ ಇದು ಸಣ್ಣ ಗುಣವಲ್ಲ.

ಆದರೆ ಇದಕ್ಕೂ ಇಂಗಾಲದ ಎಳೆಗೂ ಸುಲಭವಾಗಿ ಕೂಡಿ ಬರದು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಹೊಂದಿಕೆಯಿಲ್ಲದೆ ಜೋಡಿಸಿದರೆ ನಮ್ಮ ವೈಯಾಕರಣರು ಅದನ್ನು ‘ಅರಿಸಮಾಸ’ ಎಂದರು. ಅರಿ ಎಂದರೆ ಶತ್ರು. ಇದೂ ಅಂಥದೇ ಜೋಡಿ. ಎಳೆಯ ಮೈ ಜಡ, ನುಣುಪು. ಎಪಾಕ್ಸಿಯ ಅಣುಗಳು ಗಟ್ಟಿಯಾಗುವಾಗ ಕೈಚಾಚಿ ಹಿಡಿಯಬಲ್ಲವು. ಥರ್ಮೋಪ್ಲಾಸ್ಟಿಕಿನ ಉದ್ದನೆಯ ಸರಪಣಿಗಳಲ್ಲಿ ಹಾಗೆ ಚಾಚುವ ಕೈಗಳು ಇಲ್ಲವೆನ್ನುವಷ್ಟು ಕಡಿಮೆ. ಮೇಲಾಗಿ ಕರಗಿದಾಗಲೂ ಅದು ಬೆಲ್ಲದ ಪಾಕದಂತೆ ಮಂದ. 12,000 ಎಳೆಗಳ ಕಟ್ಟಿನ ಒಳಗೆ ಇಳಿಯುವುದೇ ಕಷ್ಟ. ಇಳಿಯದೆಡೆ ಪೊಳ್ಳು ಉಳಿದು, ಅಲ್ಲಿಂದಲೇ ಬಿರುಕು ಮೊದಲಾಗುತ್ತದೆ.

ಈ ಹಗೆತನವನ್ನು ನೀಗಿಸುವುದು ಹೇಗೆ? ಮೊದಲನೆಯದು, ಎಳೆಯ ಮೈಯನ್ನು ಸಿದ್ಧಪಡಿಸುವುದು. ಎಳೆಯನ್ನು ಲವಣದ್ರಾವಣದಲ್ಲಿ ಹಾಯಿಸಿ ವಿದ್ಯುತ್ತು ಹರಿಸಿದರೆ ಸಡಿಲವಾದ ಹೊರಪೊರೆ ಕಳಚಿ, ಆಮ್ಲಜನಕವುಳ್ಳ ಅಣುಗುಂಪುಗಳು ಅಂಟಿಕೊಳ್ಳುತ್ತವೆ. ಇವೇ ಹಿಡಿಗಳು. ಎರಡನೆಯದು ಲೇಪ. ಮಗ್ಗದವರು ಹಾಸುನೂಲಿಗೆ ಗಂಜಿ ಹಚ್ಚುವಂತೆ ಎಳೆಗೆ ತೆಳುವಾದ ಲೇಪ ಕೊಡುತ್ತಾರೆ. ಇಲ್ಲೊಂದು ಎಚ್ಚರಿಕೆ ಬೇಕು: ವಾಡಿಕೆಯ ಲೇಪ ಎಪಾಕ್ಸಿಗೆ ಒಪ್ಪುವಂಥದು. ಪೀಕ್ ಎಂಬ ಥರ್ಮೋಪ್ಲಾಸ್ಟಿಕ್ ಕರಗುವುದೇ 343 ಡಿಗ್ರಿಯಲ್ಲಿ. ಆ ಕಾವಿಗೆ ವಾಡಿಕೆಯ ಲೇಪ ಕೆಟ್ಟು, ಸಂಧಿಯಾಗಬೇಕಾದಲ್ಲಿ ಅಡ್ಡಗೋಡೆಯಾಗುತ್ತದೆ. ಆದುದರಿಂದ ಕಾವು ತಾಳುವ ಪಾಲಿಇಮೈಡಿನಂಥ ಲೇಪಗಳನ್ನು ಬಳಸುತ್ತಾರೆ. ಮೂರನೆಯದು, ಅಂಟನ್ನೇ ತಿದ್ದುವುದು. ಪಾಲಿಪ್ರೊಪಿಲೀನಿನ ಸರಪಣಿಗೆ ಮಲೇಯಿಕ್ ಅನ್‌ಹೈಡ್ರೈಡ್ ಕಸಿಮಾಡಿ ಸ್ವಲ್ಪ ಬೆರೆಸಿದರೆ, ಒಂದು ತುದಿ ತನ್ನ ಕುಲದ ಪ್ಲಾಸ್ಟಿಕಿನೊಡನೆ ಹೆಣೆದುಕೊಂಡು ಇನ್ನೊಂದು ತುದಿ ಎಳೆಯನ್ನು ಹಿಡಿಯುತ್ತದೆ. ಇದು ಇಬ್ಬರ ಭಾಷೆಯನ್ನೂ ಬಲ್ಲ ಮಧ್ಯಸ್ಥನಂತೆ.

ನಂಟು ಗಟ್ಟಿಯಾಯಿತೆಂದು ತಿಳಿಯುವುದಕ್ಕೆ ಒಂದೇ ಎಳೆಯ ಮೇಲೆ ಪ್ಲಾಸ್ಟಿಕಿನ ಹನಿಯೊಂದನ್ನು ಗಟ್ಟಿಮಾಡಿ, ಹನಿಯನ್ನು ತಡೆಹಿಡಿದು ಎಳೆಯನ್ನು ಎಳೆದು ನೋಡುತ್ತಾರೆ. ಎಷ್ಟು ಬಲಕ್ಕೆ ಹಿಡಿತ ಬಿಟ್ಟಿತೆಂಬುದೇ ಅಳತೆ.

ಹಾಗೆಂದು ಅತಿಯಾದರೂ ಕೇಡೇ. ಎಳೆಯನ್ನು ಹೆಚ್ಚು ಕೊರೆದರೆ ಎಳೆಯೇ ಸೊರಗುತ್ತದೆ. ಬಂಧ ಮಿತಿಮೀರಿ ಬಿಗಿಯಾದರೆ ಬಿರುಕು ಎಲ್ಲಿಯೂ ತಿರುಗದೆ ಎಳೆಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗುತ್ತದೆ; ಹದವಾಗಿದ್ದರೆ ಎಳೆಯ ಗುಂಟ ಹೊರಳಿ ತನ್ನ ಬಲ ಕಳೆದುಕೊಳ್ಳುತ್ತದೆ. ಬಿಡದಷ್ಟು ಹಿಡಿತ, ಮುರಿಯದಷ್ಟು ಸಡಿಲ: ಕೆಸರು ತುಳಿಯುವವನು ಕಾಲಿನಿಂದ ಅರಿಯುವ ಹದವನ್ನೇ ವಿಜ್ಞಾನಿಯು ಉಪಕರಣಗಳಿಂದ ಅರಸುತ್ತಿದ್ದಾನೆ.